ಸರ್ಕಾರ ಬಾರದ ಸಭೆ

"ಸರ್ಕಾರ ಎಲ್ಲಿಗೆ ಹೋಯ್ತು?"

ಪಾಂಡವಪುರ ಠಾಣೆಯ ಜಗುಲಿಯಲ್ಲಿ ನಿಂತು, ಯಾರನ್ನೂ ನೋಡದೆ ಕೇಳಿದರು ದೇವರಾಜು. ಸರ್ಕಾರಿ ರಟ್ಟಿನ ಕಾರ್ಖಾನೆಯ ವ್ಯವಸ್ಥಾಪಕ ನಿರ್ದೇಶಕರು ಅವರು. 1996ರ ಜುಲೈ 9, ಮಧ್ಯಾಹ್ನ.

ಇನ್ಸ್‌ಪೆಕ್ಟರ್ ಶಿವಶಂಕರ್ ದೂರು ಬರೆಸಿಕೊಂಡರು. ಕಾರ್ಖಾನೆಯನ್ನು ಖಾಸಗಿಯವರಿಗೆ ಮಾರಲು ಬೆಳಿಗ್ಗೆ ಹತ್ತಕ್ಕೆ ಸಭೆಯಿತ್ತು. ಸರ್ಕಾರದ ಪರ ನಿರ್ದೇಶಕ ಚಿಕ್ಕಮಾದಯ್ಯ ಹಿಂದಿನ ದಿನವೇ ಬಂದು ಪ್ರವಾಸಿ ಮಂದಿರದಲ್ಲಿ ಇಳಿದಿದ್ದರು, ಸಭೆಗೆ ಬರಲಿಲ್ಲ. ಅವರಿಲ್ಲದೆ ಸಭೆ ಕೂರುವಂತಿಲ್ಲ, ಕಂಪನಿಯ ನಿಯಮ. ನಾಪತ್ತೆಯ ಎಫ್‌ಐಆರ್ ದಾಖಲಾಯಿತು.

ಮೂರು ಗಂಟೆಗೆ ಕ್ಯಾತನಹಳ್ಳಿ ಕಡೆಯ ನಾಲೆ ಏರಿಯ ಮರೆಯಲ್ಲಿ ಚಿಕ್ಕಮಾದಯ್ಯನವರ ಹೆಣ ಸಿಕ್ಕಿತು. ತಲೆಯೊಡೆದಿತ್ತು. ಯಾರೋ ನೀರಿನಿಂದ ಎಳೆದು, ಮುಖಕ್ಕೆ ಶಲ್ಯ ಹೊದಿಸಿ ಹೋಗಿದ್ದರು.

"ಕೊಂದೋನು ಮರ್ವಾದೆ ಬೇರೆ ಕೊಟ್ಟವ್ನೆ ಸಾ," ಎಂದ ಮುಖ್ಯಪೇದೆ ಜವರಯ್ಯ, ಪಂಚನಾಮೆಗೆ ರುಜು ಹಾಕಿಸುತ್ತಾ.

ಕಾರ್ಖಾನೆಯಲ್ಲಿ ಕಸ ಗುಡಿಸುವ ಸಿದ್ದಲಿಂಗಮ್ಮನನ್ನು ವಿಚಾರಿಸಿದರು.

"ಬೆಳಿಗ್ಗೆ ಏನಾದ್ರೂ ಬೇರೆ ಥರ ಕಾಣ್ತಾ?"

"ಏನಿಲ್ಲ ಬುದ್ಧಿ. ಸೆಕ್ರೆಟರಿ ಅನಂತರಾಮಯ್ನೋರು ದಿನಾ ದೇವ್ರಿಗೆ ದೀಪ ಅಚ್ಚೋರು. ಇವತ್ತು ಎಂಟು ಗಂಟೇಗೆ ತಲೆಗೆ ನೀರು ಉಯ್ಕೊಂಡು ಬಂದವ್ರೆ, ದೀಪ ಮಾತ್ರ ನೀನೇ ಅಚ್ಚವ್ವ ಅಂದ್ರು. ಏನ್ ಸ್ವಾಮಿ, ನೀವೂ ಹೊರಗಾದ್ರಾ ಅಂತ ನಗಾಡ್ದೆ. ಅವ್ರು ನಗ್ನಿಲ್ಲ."

ಶಿವಶಂಕರ್ ಅನಂತರಾಮುವಿನ ಎದುರು ಕುರ್ಚಿ ಎಳೆದುಕೊಂಡರು.

"ಮನೇಲಿ ಸಾವೇನಾದ್ರೂ?"

"ಇಲ್ಲ."

"ಮತ್ತೆ ಎಂಟು ಗಂಟೆಗೇ ಯಾರ ಮೈಲಿಗೆ ಸ್ವಾಮಿ ನಿಮಗೆ?"

ಅನಂತರಾಮು ಅಂಗೈ ನೋಡಿಕೊಂಡರು. "ಸ್ನಾನಕ್ಕೆ ಹೋಗೋ ಮೈಲಿಗೆಯಲ್ಲ ಇದು."

"ಏನಾಯ್ತು?"

"ಅವರು ನಾಲೆ ಏರಿ ಮೇಲೆ ವಾಕಿಂಗ್ ಹೊರಟಿದ್ದರು. ಸಭೆಗೆ ಬರಬೇಡಿ ಅಂತ ಕಾಲು ಹಿಡಿದೆ. ಮೇಲಿನವರು ಹೇಳಿದ್ದಾರೆ, ಮಾರಾಟಕ್ಕೆ ಕೈಯೆತ್ತಿ ಹೋಗ್ತೀನಿ ಅಂದರು. ತಳ್ಳಿಬಿಟ್ಟೆ. ನಾಲೆಗಿಳಿಯೋ ಸೋಪಾನದ ಕಲ್ಲಿಗೆ ತಲೆ ಬಡಿದು ನೀರಿಗೆ ಬಿದ್ದರು. ದಡಕ್ಕೆ ಎಳೆಯೋ ಹೊತ್ತಿಗೆ ಉಸಿರಿರಲಿಲ್ಲ."

ಸಂಜೆ ಆರಕ್ಕೆ ಬಂಧಿಸಿದರು. ಸರ್ಕಾರದವರಿಲ್ಲದೆ ಸಭೆ ಕೂರಕೂಡದು, ಏನನ್ನೂ ಮಾರಕೂಡದೆಂಬ ನಿಯಮವನ್ನು, ಕಂಪನಿ ಹುಟ್ಟಿದಾಗ, ಹಟ ಹಿಡಿದು ಸೇರಿಸಿದವರು ಇದೇ ಅನಂತರಾಮು. ಕೆಲಸಗಾರರ ಅನ್ನಕ್ಕೆ ಅದೇ ಕಾವಲು ಎಂದು ನಂಬಿದ್ದರು. ಕಾವಲಿನವನೇ ಬಾಗಿಲು ತೆಗೆಯಲು ಬಂದಾಗ ಅವರಿಗೆ ಸಹಿಸಲಾಗಲಿಲ್ಲ.

ದೇವರಾಜು ಮತ್ತೆ ಠಾಣೆಗೆ ಬಂದರು. ದನಿ ತಗ್ಗಿಸಿದರು.

"ನನ್ನ ದೂರಿನಲ್ಲಿ ಒಂದೇ ಸಾಲು ಸಾರ್. ಸಭೇಲಿ ಕೈಯೆತ್ತಿ, ಆಮೇಲೆ ನಾಲೆ ಕಡೆ ಹೋದ್ರು ಅಂತ ತಿದ್ದಿಬುಡಿ. ಹೋದ ಜೀವ ಬರಲ್ಲ. ಮಾರಾಟದ ನಿರ್ಣಯವಾದ್ರೂ ನಿಲ್ಲಲಿ."

"ತಿದ್ದಲ್ಲ. ಹೋಗಿ," ಎಂದರು ಶಿವಶಂಕರ್.