ಬಾತುಕೋಳಿ ಕಾರ್ಡಿನ ಕಳವು

ಮೂರನೇ ಬಾತುಕೋಳಿಯೂ ಮಾಯ!

ಶೋಭಿತಾ ಮಿಸ್ಸು ಟ್ರೇಯನ್ನು ನೆಲಕ್ಕೆ ಸುರಿದು ಹುಡುಕಿದರು. ಒಂಟೆ, ಆಮೆ, ನವಿಲು—ಎಲ್ಲ ಚಿತ್ರದ ಕಾರ್ಡೂ ಇದ್ದವು. ಬಾತುಕೋಳಿಯದು ಮಾತ್ರ ಇಲ್ಲ. ಮೂರು ವಾರಕ್ಕೆ ಮೂರು.

ಬೆಸಗರಹಳ್ಳಿ ಬಸ್ಸಿನ ಹಾದಿಯಲ್ಲಿದ್ದ ಆ ಪುಟ್ಟ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕಲಿಯುತ್ತಾರೆ. ಒಂದು ಕಾರ್ಡು ಮುಗಿಸಿದ ಮಗು ಗೋಡೆಗೆ ಅಂಟಿಸಿದ ಕಲಿಕಾ ಏಣಿಯ ಪಟ ನೋಡಿ ಮುಂದಿನದನ್ನು ತಾನೇ ತೆಗೆದುಕೊಳ್ಳಬೇಕು. ಎಲ್ಲಿ ಕೂರಬೇಕೆಂದು ಅದರ ಚಿತ್ರವೇ ಹೇಳುತ್ತದೆ. ನವಿಲಾದರೆ ಮಿಸ್ಸಿನ ಪಕ್ಕ. ಬಾತುಕೋಳಿಯಾದರೆ ಕಿಟಕಿ ಮೂಲೆಯಲ್ಲಿ, ಯಾರ ನೆರವೂ ಇಲ್ಲದೆ.

"ಇನ್ನೇನು ಹುಡುಕ್ತೀರ ಮೇಡಂ?" ಮುಖ್ಯಶಿಕ್ಷಕ ಸಿದ್ದರಾಮು ಬಾಗಿಲಲ್ಲೇ ಗುಡುಗಿದರು. "ಕೋಣೆ ಬೀಗದ ಕೈ ಇರೋದು ಚಿಕ್ಕಬೋರಮ್ಮನ ಹತ್ರ. ಮೊಮ್ಮಗೂಗೆ ಆಟಕ್ಕೆ ಅಂತ ಒಯ್ದವ್ಳೆ, ಕಳ್ಳಿ! ನಾಳೆ ಮೀಟಿಂಗಲ್ಲಿ ಕೆಲ್ಸದಿಂದ ಬುಡಿಸ್ತೀನಿ."

ಹನ್ನೆರಡು ವರ್ಷದಿಂದ ಬಿಸಿಯೂಟ ಬೇಯಿಸುತ್ತಿದ್ದ ಚಿಕ್ಕಬೋರಮ್ಮ ಸೌಟು ಹಿಡಿದೇ ಓಡಿಬಂದಳು. ಮಕ್ಕಳೆಲ್ಲ ಅವಳನ್ನೇ ನೋಡಿದರು.

"ನಾನ್ಯಾಕ್ ಮುಟ್ಲಿ ಸಾ? ಬಿದ್ದಿರೋ ಪೆನ್ಸಿಲ್ ತುಂಡ್ನೂ ಎತ್ತಿ ಮಡಗ್ತೀನಲ್ಲ! ಈ ಕೆಲ್ಸ ಓದ್ರೆ ನನ್ ಗತಿ ಏನು?"

ಶೋಭಿತಾರ ತಲೆಯಲ್ಲೊಂದು ಹುಳ ಕೊರೆಯತೊಡಗಿತು. ಆಟಕ್ಕಾದರೆ ಅಷ್ಟು ಬಣ್ಣದ ನವಿಲನ್ನು ಬಿಟ್ಟು ಯಾರಾದರೂ ಬಾತುಕೋಳಿ ಒಯ್ಯುತ್ತಾರೆಯೇ?

"ಸಂಜೆವರೆಗೂ ಟೈಮ್ ಕೊಡಿ ಸರ್."

ಮೊದಲು ಸಿಕ್ಕಿದವನು ಒಂದನೇ ತರಗತಿಯ ಮಹದೇವು.

"ಬಾತುಕೋಳಿ ತಗೊಂಡೇನೋ?"

"ನಂಗ್ಯಾಕ್ ಮಿಸ್? ನಾನಿನ್ನೂ ಒಂಟೇಲೇ ಇವ್ನಿ!"

ಮಕ್ಕಳು ಕೊಳ್ಳೆಂದು ನಕ್ಕರು. ಶೋಭಿತಾ ನಗಲಿಲ್ಲ. ಅಲ್ಲವೇ ಮತ್ತೆ! ಆ ಮೆಟ್ಟಿಲು ತಲುಪದವರಿಗೆ ಆ ಕಾರ್ಡು ಯಾಕೆ? ತಲುಪಿದವರು ಯಾರು?

ಯಾರು ಯಾವ ಮೆಟ್ಟಿಲಲ್ಲಿದ್ದಾರೆಂದು ಬರೆದಿಡುವ ಪ್ರಗತಿ ನೋಟದ ಹಾಳೆ ತೆರೆದರು. ಮೂರೂ ಕಳವಿನ ದಿನ ಬಾತುಕೋಳಿಯ ಮೆಟ್ಟಿಲಿಗೆ ಬಂದು ನಿಂತಿದ್ದದ್ದು ಒಂದೇ ಹೆಸರು.

ದೀಪಿಕ. ತರಗತಿಗೇ ಜಾಣೆ!

ಊಟವಾದ ಮೇಲೆ ಅವಳನ್ನು ಹತ್ತಿರ ಕರೆದರು.

"ಎಲ್ಲಿಟ್ಟಿದೀಯ ಪುಟ್ಟ?"

ಹುಡುಗಿ ಗಣಿತ ಪುಸ್ತಕಕ್ಕೆ ಹಾಕಿದ್ದ ಬೈಂಡು ಬಿಚ್ಚಿದಳು. ಒಳಗಿಂದ ಮೂರು ಕಾರ್ಡು ಜಾರಿದವು.

"ಯಾಕೆ?"

"ಕಾರ್ಡು ಸಿಕ್ಬುಟ್ರೆ ಒಬ್ಳೇ ಮೂಲೇಲಿ ಕೂರ್ಬೇಕು ಮಿಸ್. ನೀವು ಆ ಕಡೆ ಬರೋದೇ ಇಲ್ಲ."

ಶೋಭಿತಾ ಕಾರ್ಡುಗಳನ್ನು ಎತ್ತಿಕೊಂಡರು. ದೀಪಿಕಗೆ ನನ್ನ ಅಗತ್ಯವೇ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ಬೀಗಿದ್ದವರು ಅವರೇ.

ಸಂಜೆ ಶೋಭಿತಾ ಸಿದ್ದರಾಮು ಅವರ ಮೇಜಿನ ಮೇಲೆ ಕಾರ್ಡುಗಳನ್ನಿಟ್ಟರು.

"ಯಾರ್ ಕದ್ದಿದ್ದು?"

"ಕಾರ್ಡಿಲ್ಲ ಅಂತ ಮೂರು ಸಲವೂ ಬಂದು ಹೇಳಿದ್ದು ಒಂದೇ ಮಗು ಸರ್. ದೂರು ತಂದವರನ್ನ ಅನುಮಾನಿಸೋಕೆ ನನಗೆ ಹೊಳೀಲೇ ಇಲ್ಲ. ಕಾರ್ಡು ಕಳೆದಾಗೆಲ್ಲ ನಾನೇನ್ ಮಾಡ್ತಿದ್ದೆ? 'ಸಿಗೋವರೆಗೂ ನನ್ನ ಪಕ್ಕ ಕೂತ್ಕೊ' ಅಂತಿದ್ದೆ. ಅದಕ್ಕೋಸ್ಕರ ಬಚ್ಚಿಟ್ಟಿದ್ದಾಳೆ, ದೀಪಿಕ. ಆದರೆ ತಪ್ಪು ನಂದು. ಜಾಣ ಮಗು ಅಂತ ಒಂಟಿ ಬಿಟ್ಟಿದ್ದೆ. ನಾಳೆಯಿಂದ ದಿನಾ ಸ್ವಲ್ಪ ಹೊತ್ತು ಆ ಮೂಲೇಲೇ ಕೂರ್ತೀನಿ. ಅವಳ ಹೆಸರು ಈ ಕೋಣೆ ದಾಟೋದು ಬೇಡ."

ಸಿದ್ದರಾಮು ಕೆನ್ನೆ ಕೆರೆದುಕೊಂಡರು. ಆಮೇಲೆ ಎದ್ದು ಅಡುಗೆಕೋಣೆಗೆ ನಡೆದರು. ಚಿಕ್ಕಬೋರಮ್ಮ ಪಾತ್ರೆ ತಿಕ್ಕುತ್ತಿದ್ದಳು.

"ಕಾರ್ಡು ಸಿಕ್ತು. ನಂದೇ ತಪ್ಪಾಯ್ತು ಕಣಮ್ಮ."

ಅವಳು ತಲೆ ಎತ್ತಲಿಲ್ಲ.

"ಇಲ್ಯಾಕ್ ಸಾ? ನಾಳೀಕೆ ಮಕ್ಕಳ ಮುಂದೆ ಯೋಳಿ. ಕಳ್ಳಿ ಅಂದಿದ್ದು ಅವ್ರ ಮುಂದೇನೇ ಅಲ್ವಾ?"