ತನುಶ್ರೀ ಹುಡುಕಿದ ತಪ್ಪುಗಳು

“ಅರೆಬೆಂದ ಅನ್ನ ಬಡಿಸಿ, ಉಳಿದದ್ದು ಮುಂದಿನ ಅಪ್‌ಡೇಟ್‌ನಲ್ಲಿ ಬೇಯುತ್ತದೆ ಅನ್ನುವವರ ಮನೆಗೆ ಊಟಕ್ಕೆ ಹೋಗಬೇಡಿ.”

ತನ್ನ ಚಾನೆಲ್‌ನಲ್ಲಿ ಹೀಗೆಂದು ತನುಶ್ರೀ ಒಂದು ಹೊಸ ಗೇಮಿನ ಮಾನ ಹರಾಜು ಹಾಕಿದಳು. ಮಾಡಿದವರು ಯಾವುದೋ ದೂರದ ಊರಿನವರು ಎಂದುಕೊಂಡಿದ್ದಳು. ಮರುದಿನ ಕಮೆಂಟಿನಲ್ಲಿ ಉತ್ತರ ಬಂತು: “ನಮ್ಮ ಆಫೀಸು ಕೊಟ್ಟಾರದಲ್ಲೇ ಉಂಟು. ಇಲ್ಲಿಗೆ ಬಂದು ಬೈದರೆ ಚಹಾ ಆದ್ರೂ ಕೊಡಬಹುದು. ಶ್ರವಣ್.”

ಅದೇ ಊರಿನ ಕುಲಶೇಖರದಲ್ಲಿದ್ದ ಅವಳ ಮನೆಯಿಂದ ಕೊಟ್ಟಾರ ಎಷ್ಟು ಮಹಾ ದೂರ? ಶನಿವಾರ ಅವಳ ಆಫೀಸಿಗೆ ರಜೆ. ಮೂರು ಪುಟ ದೂರು ಬರೆದುಕೊಂಡು ಸ್ಕೂಟರ್ ಹತ್ತಿದಳು.

ಜಗಳಕ್ಕೆ ಟೊಂಕ ಕಟ್ಟಿ ಹೋದವಳ ಎದುರು ಶ್ರವಣ್ ನೋಟ್‌ಬುಕ್ ಬಿಚ್ಚಿಕೊಂಡು ಕುಳಿತ. ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡ. ಬರೆಯುವಾಗ ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಮೆಲ್ಲಗೆ ಕಚ್ಚಿಕೊಳ್ಳುತ್ತಿದ್ದ. ಎರಡನೇ ಪುಟದಲ್ಲಿ ತನುಶ್ರೀಗೆ ತಾನೇ ಬರೆದ ಸಾಲು ತಪ್ಪಿಹೋಯಿತು.

“ಎಂತ ನಿಲ್ಲಿಸಿದ್ರಿ? ಬೈಯಿರಿ.”

“ಅಲ್ಲ ಶ್ರವಣಣ್ಣ, ಆನ್‌ಲೈನ್ ಅಂತ ಬಟನ್ ಇಟ್ಟಿದ್ದೀರಿ. ಒತ್ತಿದ್ರೆ ‘ಶೀಘ್ರದಲ್ಲೇ’ ಅಂತ ಬರ್ತದೆ. ಮತ್ತೆ ಆ ಬಟನ್ ಎಂತಕ್ಕೆ?”

“ನನ್ನ ಆಸೆಗೆ.”

ಅವಳು ನಕ್ಕುಬಿಟ್ಟಳು. “ಒಂದು ಮಾತ್ರ ಚಂದ ಉಂಟು. ಮಧ್ಯದಲ್ಲಿ ಬರುವ ಚೆನ್ನೆಮಣೆಯ ಮಿನಿ ಗೇಮ್. ದೊಡ್ಡ ಗೇಮ್ ಬಿಟ್ಟು ನಾನು ಅದನ್ನೇ ಎರಡು ಗಂಟೆ ಆಡಿದೆ. ಮರದ ಮಣೆಯ ಗುಳಿಗೆ ಕಾಯಿ ಬೀಳುವ ಆ ಸದ್ದು! ಅದನ್ನು ಇಬ್ಬರು ಆನ್‌ಲೈನಿನಲ್ಲಿ ಆಡುವ ಹಾಗೆ ಮಾಡಿ ಮಾರಾಯ್ರೆ.”

ಶ್ರವಣ್ ಪೆನ್ನು ಕೆಳಗಿಟ್ಟ. “ಅದು ನನ್ನ ಅಜ್ಜಿಯ ಮಣೆಯ ಸದ್ದು. ಇಷ್ಟರವರೆಗೆ ಯಾರೂ ಗಮನಿಸಿರಲಿಲ್ಲ.”

ಅದೇ ವಾರ ಅವನು ಗೇಮನ್ನು ಆನ್‌ಲೈನ್ ಸ್ಟೋರಿನಿಂದ ಹಿಂದಕ್ಕೆ ತೆಗೆದುಕೊಂಡ. ಇನ್ನು ತನುಶ್ರೀ ‘ಆಯಿತು’ ಅಂದ ಮೇಲೆಯೇ ರಿಲೀಸ್ ಎಂದ. ಅಲ್ಲಿಂದ ಅವಳಿಗೆ ಶನಿವಾರವೆಂದರೆ ಕೊಟ್ಟಾರ. ಅವಳು ಆಡಿ ತಪ್ಪು ಹುಡುಕುವುದು, ಅವನು ತಿದ್ದುವುದು, ಇಬ್ಬರೂ ಚಹಾ ಕುಡಿಯುವುದು.

ಏಳನೇ ಶನಿವಾರ ಎಷ್ಟು ಹುಡುಕಿದರೂ ಒಂದು ತಪ್ಪೂ ಸಿಗಲಿಲ್ಲ. ಆಯಿತು ಎಂದರೆ ಮುಂದಿನ ವಾರ ಬರಲು ನೆಪವೇನು? ಅವನ ಮನಸ್ಸಿನಲ್ಲಿ ತಾನಿದ್ದೇನೆಯೋ, ಬರೀ ಸಂಬಳವಿಲ್ಲದ ಟೆಸ್ಟರೋ? ಅವಳಿಗಂತೂ ಅವನು ಇಷ್ಟವಾಗಿಬಿಟ್ಟಿದ್ದ, ರಾತ್ರಿ ಊಟ ಸೇರದಷ್ಟು.

“ಕಾಯಿಯ ಕೆಂಪು ಸ್ವಲ್ಪ ಜಾಸ್ತಿ ಆಯ್ತಲ್ಲ ಶ್ರವಣಣ್ಣ?” ಎಂದಳು.

ಅವನು ಬರೆದುಕೊಂಡ. ಎಂಟನೇ ಶನಿವಾರ ಅವಳಿಗೆ ಕೆಂಪು ಕಡಿಮೆಯಾಗಿ ಕಂಡಿತು. ಅದನ್ನೂ ಬರೆದುಕೊಂಡು, ನಗುವನ್ನು ಚಹಾದ ಲೋಟದ ಹಿಂದೆ ಅಡಗಿಸಿದ. ಲೋಟ ಆಗಲೇ ಖಾಲಿಯಾಗಿತ್ತು. ಅರ್ಧಂಬರ್ಧ ಗೇಮ್ ಬಿಡುವವರನ್ನು ಬೈದೇ ಹೆಸರು ಮಾಡಿದ ಹುಡುಗಿ, ಈ ಒಂದು ಗೇಮ್ ಮುಗಿಯದೇ ಇರಲೆಂದು ಕದ್ರಿ ದೇವರಿಗೆ ಹರಕೆ ಹೊತ್ತಳು.

“ನಾಳೆ ನೀವು ಮನೆಯಿಂದ ಆಡಿ, ನಾನು ಇಲ್ಲಿಂದ. ಆನ್‌ಲೈನ್ ಒಂದು ನೋಡಿದ್ರೆ ಕೆಲಸ ಮುಗೀತು,” ಎಂದ ಶ್ರವಣ್.

ಭಾನುವಾರ ಬೆಳಿಗ್ಗೆ ಒಲ್ಲದ ಮನಸ್ಸಿನಿಂದ ಫೋನಿನಲ್ಲಿ ಗೇಮ್ ತೆರೆದಳು. ಹೊಸದೊಂದು ಪ್ರಶ್ನೆ ಬಂತು: ‘ಎದುರು ಆಡುವವರು ನಿಮಗೇನಾಗಬೇಕು?’ ರೂಢಿಯಂತೆ ‘ಅಣ್ಣ’ ಎಂಬುದನ್ನು ಒತ್ತಿದಳು. ಮಣೆ ಮುಚ್ಚಿಕೊಂಡಿತು. ಮತ್ತೆ ಒತ್ತಿದರೂ ಅದೇ ಕತೆ. ಅವಳಿಗೆ ಹೋದ ಜೀವ ಬಂದಂತಾಯಿತು. ತಕ್ಷಣ ಅವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

“ಶ್ರವಣಣ್ಣ, ಬಗ್ ಸಿಕ್ಕಿತು! ಅಣ್ಣ ಅಂತ ಒತ್ತಿದ್ರೆ ಮಣೆ ಮುಚ್ಚುತ್ತದೆ.”

ಪಕ್ಕದಲ್ಲಿ ಬಸಳೆ ಸೋಸುತ್ತಿದ್ದ ತಾಯಿ ಉಮಾವತಿ ಕತ್ತು ಚಾಚಿದರು. “ಮುಚ್ಚದೆ ಮತ್ತೆಂತ? ಒಡಹುಟ್ಟಿದವರು ಎದುರುಬದುರು ಕೂತು ಚೆನ್ನೆ ಆಡ್ಲಿಕ್ಕಿಲ್ಲ. ಜಗಳ ಆಗಿ ಸಂಬಂಧವೇ ಹಾಳಾಗ್ತದೆ ಅಂತ ಹಿರಿಯರು ಹೇಳುವುದು. ಆ ಹುಡುಗನಿಗೆ ಗೊತ್ತುಂಟು, ನಿನಗೆ ಗೊತ್ತಿಲ್ಲ ಮಾರಾಯ್ತಿ!” ಎಂದು ಬಸಳೆ ಎತ್ತಿಕೊಂಡು ಅಡುಗೆಮನೆಗೆ ಹೋದರು.

ತನುಶ್ರೀ ಸ್ಪೀಕರ್ ತೆಗೆದು ಫೋನನ್ನು ಕಿವಿಗೆ ಹಿಡಿದಳು. “ಹಾಗಾದ್ರೆ ನಾವಿಬ್ಬರು ಆಡುವುದು ಹೇಗೆ?”

ಆಚೆ ಶ್ರವಣ್ ಲೋಟ ಕೆಳಗಿಟ್ಟ ಸದ್ದು ಕೇಳಿತು.

“ತನುಶ್ರೀ, ಎರಡು ತಿಂಗಳಿಂದ ಬಾಯಿ ತುಂಬ ಅಣ್ಣ ಅಂತೀರಿ. ಹಾಗೆ ಕರೆಯಬೇಡಿ ಅಂತ ಎದುರು ಹೇಳ್ಲಿಕ್ಕೆ ಧೈರ್ಯ ಇರಲಿಲ್ಲ, ಕೋಡ್ ಬರೆದೆ. ನನಗೆ ನೀವು ಅಂದ್ರೆ ತುಂಬ ಇಷ್ಟ. ನಿಮಗೆ ಹಾಗೆಂತ ಇಲ್ಲದಿದ್ರೆ ‘ಪರಿಚಯದವರು’ ಅಂತ ಒತ್ತಿ. ಆಟ ಶುರುವಾಗ್ತದೆ. ನಾನು ಈ ಮಾತು ಇನ್ನು ಎತ್ತುವುದಿಲ್ಲ.”

ಅವಳು ಪಟ್ಟಿಯಲ್ಲಿ ಉಳಿದದ್ದನ್ನು ನೋಡಿದಳು. ಪರಿಚಯದವರು, ನೆರೆಯವರು, ಗೆಳೆಯ. ಕೊನೆಗೆ ಬೇಕಾದ್ದನ್ನು ಬರೆಯಲು ಖಾಲಿ ಜಾಗ. ‘ಮದುವೆ ಆಗುವವರು’ ಎಂದು ಬರೆದು ಒತ್ತಿದಳು. ಮಣೆ ತೆರೆದುಕೊಂಡಿತು. ಆಚೆ ಕುರ್ಚಿ ಬಿದ್ದ ಸದ್ದಾಯಿತು.

“ಶ್ರವಣ್? ಎಂತ ಆಯ್ತು?”

“ಬಿದ್ದೆ. ಪೆಟ್ಟೇನೂ ಆಗ್ಲಿಲ್ಲ. ಇದು... ಬಗ್ ಅಲ್ಲ ಅಲ್ವಾ?”

“ಅಲ್ಲ ಮಾರಾಯ. ಎಲ್ಲ ಸರಿ ಉಂಟು. ಆಯಿತು, ಇನ್ನು ರಿಲೀಸ್ ಮಾಡು.”

“ಮತ್ತೆ ಶನಿವಾರ?”

“ಶನಿವಾರ ನೀನು ನಮ್ಮ ಮನೆಗೆ ಬಾ,” ಎಂದಳು ತನುಶ್ರೀ. “ಇಲ್ಲಿ ತಪ್ಪು ಹುಡುಕುವವರು ನಮ್ಮ ಅಮ್ಮ.”