ಪ್ರಯೋಗಾಲಯದೊಳಗೆ ಮಾತ್ರ

ಸರ್ ಮುಗ್ಗರಿಸಲೆಂದು ಬೆಳಿಗ್ಗೆ ದೇವರಿಗೆ ತುಪ್ಪದ ದೀಪ ಹಚ್ಚಿ ಬಂದಿದ್ದಳು ಸುನೇತ್ರಾ. ಅಂಥ ಬೇಡಿಕೆಗೆ ದೀಪ ಹಚ್ಚಬಹುದೋ ಇಲ್ಲವೋ ಎಂಬ ಅಳುಕು, ಡಾ. ಅಭಿಲಾಷರ ತಲೆಗೆ ಸ್ಮೃತಿಶೋಧಕದ ಪಟ್ಟಿ ಬಿಗಿಯುವಾಗಲೂ ಬಿಟ್ಟಿರಲಿಲ್ಲ. ಅವಳು ಅವರ ಸಹಾಯಕಿ.

2061ರ ಹೊತ್ತಿಗೆ ಸಾಕ್ಷಿ, ಉಯಿಲು, ಪೇಟೆಂಟು ಎಲ್ಲ ಈ ಯಂತ್ರದ ಮುಂದೆಯೇ ತೀರ್ಮಾನವಾಗುತ್ತಿದ್ದವು. ಮಿದುಳಿನಲ್ಲಿ ನೆನಪನ್ನು ಹುಡುಕಿ ಅದು ಪರದೆಗೆ ತರುತ್ತದೆ. ಮೊದಮೊದಲು ಒಂದು ಮುಖ ಕೇಳಿದರೆ ಅರವತ್ತು ವರ್ಷದ ಕಸವೆಲ್ಲ ಬಂದು ಬೀಳುತ್ತಿತ್ತು. ಹಳೆಯ ಕಂಪ್ಯೂಟರಿನಲ್ಲಿ ಹುಡುಕಾಟವನ್ನು ಒಂದೇ ಫೋಲ್ಡರಿಗೆ ಸೀಮಿತಗೊಳಿಸುತ್ತಿದ್ದಂತೆ, ನೆನಪಿಗೂ ಒಂದು ಸ್ಥಳದ ಎಲ್ಲೆ ಹಾಕಿದ ಮೇಲೆಯೇ ಯಂತ್ರ ಕೆಲಸಕ್ಕೆ ಬಂದದ್ದು. ಆ ಎಲ್ಲೆಯ ಯೋಚನೆ ಯಾರದೆಂದು ಇಂದು ಪೇಟೆಂಟು ಸಮಿತಿ ನಿರ್ಧರಿಸಬೇಕಿತ್ತು. ಅರ್ಜಿಯಲ್ಲಿದ್ದದ್ದು ಅಭಿಲಾಷರ ಹೆಸರೊಂದೇ.

“ಅದು ಮೊದಲು ತಲೆಗೆ ಬಂದ ಕ್ಷಣ. ಎಲ್ಲಿ ಹುಡುಕಲಿ ಸರ್?”

“ನನ್ನ ಪ್ರಯೋಗಾಲಯದೊಳಗೆ ಮಾತ್ರ. ಆಚೆ ಹೋಗ್ಬೇಡಮ್ಮ, ಹೆಂಡ್ತಿ ಬೈದದ್ದೆಲ್ಲ ಪರದೆ ಮೇಲೆ ಬಂದೀತು!”

ಸಮಿತಿಯವರು ನಕ್ಕರು. ಸುನೇತ್ರಾ ನಗಲಿಲ್ಲ, ಎಚ್ಚರಿಸಲೂ ಇಲ್ಲ. ಮೂರು ವರ್ಷದ ಹಿಂದೆ, ಬಾಯಲ್ಲಿ ಹೇಳಲಾರದೆ, ಆ ಯೋಚನೆ ಬರೆದಿದ್ದ ಡೈರಿಯನ್ನೇ ಅವರ ಕಾರಿನ ಕಿಟಕಿಯೊಳಗೆ ಚಾಚಿ ಕೊಟ್ಟಿದ್ದಳು. ಅವರು ಸೀಟಿನಲ್ಲೇ ಕೂತು ಓದಿ, “ನೋಡೋಣ” ಎಂದು ಹಿಂತಿರುಗಿಸಿದ್ದರು. ಆಮೇಲೆ ಭಾಷಣದ ಮೇಲೆ ಭಾಷಣ: ‘ಅಂದು ಪ್ರಯೋಗಾಲಯದಲ್ಲಿ ನನಗೆ ಹೊಳೆಯಿತು...’ ಹೇಳಿ ಹೇಳಿ ಅವರೇ ಅದನ್ನು ನಂಬಿಬಿಟ್ಟಿದ್ದರು. ಯಂತ್ರ ನಂಬಬೇಕಲ್ಲ!

ಪರದೆಯ ಮೇಲೆ ಬಂತು: ‘ಸಿಗಲಿಲ್ಲ.’

“ಏನಮ್ಮ, ಸರಿಯಾಗಿ ಹಾಕಿದ್ಯಾ?”

“ನೀವು ಹೇಳಿದಷ್ಟೇ ಹಾಕಿದ್ದೀನಿ ಸರ್.” ಅವಳ ನಾಲಿಗೆಯ ಮೇಲೆ ಬೆಲ್ಲ ಕರಗಿದಂತಾಯಿತು.

“ಮನೆ ಹಾಕು.”

ಸಿಗಲಿಲ್ಲ.

“ಲೈಬ್ರರಿ ಹಾಕು, ಬೇಗ!”

ಸಿಗಲಿಲ್ಲ. ಪಟ್ಟಿಯ ಕೆಳಗಿನಿಂದ ಬೆವರು ಅವರ ಹುಬ್ಬಿಗಿಳಿಯಿತು. ಇಳಿಯಲಿ ಎಂದುಕೊಂಡಳು ಸುನೇತ್ರಾ.

ಅಧ್ಯಕ್ಷೆ ಸಹನಾ ಮೇಡಂ ಕನ್ನಡಕ ತೆಗೆದರು. “ಸಿಗಲಿಲ್ಲ ಅಂದ್ರೆ ಇಲ್ವೇ ಇಲ್ಲ ಅಂತಲೇನಮ್ಮ?”

“ಇಲ್ಲಿ ಇಲ್ಲ ಅಂತಷ್ಟೇ ಮೇಡಂ.”

ಯಂತ್ರಕ್ಕಿದ್ದ ಈ ವಿವೇಕ ಮನುಷ್ಯರಿಗೆ ಎಂದೂ ಬಂದಿರಲಿಲ್ಲ. ತಮಗೆ ಅನುಕೂಲವಾದ ಮೂಲೆಯಲ್ಲಷ್ಟೇ ತಡಕಿ, ಉಳಿದವರ ಪಾಲು ಇಲ್ಲವೆಂದು ತೀರ್ಪು ಕೊಡುವುದು ಯಂತ್ರ ಹುಟ್ಟುವ ಮೊದಲಿನ ಅಭ್ಯಾಸ.

“ಹಾಗಾದ್ರೆ ಎಲ್ಲಿದೆ ಅದು?” ಅಧ್ಯಕ್ಷೆ ಕೇಳಿದರು.

ಅಭಿಲಾಷ್ ಅವಳತ್ತ ತಿರುಗಿದರು. ಅವರ ಕಣ್ಣು ಮೊದಲ ಸಲ ಬೇಡುತ್ತಿತ್ತು. ಇನ್ನೊಂದು ಗಳಿಗೆ ಬೇಡಲೆಂದು ಬಿಟ್ಟು, ಆಮೇಲೆ ಸುನೇತ್ರಾ ಎಲ್ಲರಿಗೂ ಕೇಳುವಂತೆ ಹೇಳಿದಳು:

“ಸರ್ ಕಾರಿನಲ್ಲಿ, ನನ್ನ ಡೈರಿ ಓದಿದ ಕ್ಷಣದಲ್ಲಿ. ಅದು ಹೊಳೆದದ್ದು ನನಗೆ, ಮೇಡಂ.”